ಲಾಸ್ ವೇಗಸ್‌ನಲ್ಲಿ ಬಕೆಟ್ ಸ್ನಾನ ಮಾಡಿದರೆ ನೀರು ಉಳಿಯುತ್ತದಾ?

ಪ್ರಶ್ನೆ: ನಾನು ಬೆಂಗಳೂರಿನವಳು. ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಅಮೆರಿಕದ ಲಾಸ್ ವೇಗಸ್‌ಗೆ ಬಂದಿದ್ದೇನೆ. 2024ರ ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾದು ಕಾದು ಸಾಕಾಗಿತ್ತು. ಹಾಗಾಗಿ ನೀರು ಪೋಲು ಮಾಡಲು ಕೈ ಬರುವುದಿಲ್ಲ. ಇಲ್ಲೂ ಬಕೆಟ್‌ನಲ್ಲೇ ಸ್ನಾನ ಮಾಡುತ್ತೇನೆ, ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕುತ್ತೇನೆ. ಮಗ ಮಾತ್ರ, 'ಅಮ್ಮಾ, ಈ ಊರಿನಲ್ಲಿ ಮನೆಯೊಳಗಿನ ನೀರು ಉಳಿಸಿ ಪ್ರಯೋಜನವಿಲ್ಲ' ಎನ್ನುತ್ತಾನೆ. ಇದು ನಿಜವಾ? ಅವರ ಕಾಲೊನಿಯ ಮುಂದಿನ ಹಸಿರು ಹುಲ್ಲನ್ನೆಲ್ಲ ಕಿತ್ತು ಜಲ್ಲಿ ಹಾಸುತ್ತಾರಂತೆ. ಆದರೆ ಹೋಟೆಲ್ ಮುಂದೆ ದೊಡ್ಡ ಕಾರಂಜಿ ಕುಣಿಯುತ್ತಲೇ ಇದೆ. ಇದು ಯಾವ ನ್ಯಾಯ? ಮರುಭೂಮಿಯ ನಡುವಿನ ಈ ಊರಿಗೆ ನೀರು ಬರುವುದಾದರೂ ಎಲ್ಲಿಂದ?

ಉತ್ತರ: ನಿಮ್ಮ ಮಗ ಹೇಳಿದ್ದು ಮುಕ್ಕಾಲು ಪಾಲು ಸರಿ ತಾಯಿ. ಹಾಗಂತ ನಿಮ್ಮ ಅಭ್ಯಾಸ ತಪ್ಪಲ್ಲ, ದಯವಿಟ್ಟು ಬಿಡಬೇಡಿ. ನಾನು ಊರುಗಳ ನೀರು ಸರಬರಾಜಿನ ಕೆಲಸದಲ್ಲಿ ಬಹಳ ವರ್ಷ ಕಳೆದವನು. ಲಾಸ್ ವೇಗಸ್‌ನ ಲೆಕ್ಕ ನನಗೂ ಮೊದಮೊದಲು ತಲೆಕೆಳಗಾಗಿ ಕಂಡಿತ್ತು. ಆ ಊರಲ್ಲಿ ನಲ್ಲಿಯಿಂದ ಎಷ್ಟು ನೀರು ಬಂತು ಅನ್ನುವುದು ಮುಖ್ಯವಲ್ಲ. ಬಂದ ನೀರು ಎಲ್ಲಿಗೆ ಹೋಯಿತು ಅನ್ನುವುದು ಮುಖ್ಯ. ಚರಂಡಿಗೆ ಹೋದ ನೀರು ವಾಪಸ್ ಬರುತ್ತದೆ. ಗಾಳಿಗೆ ಹೋದ ನೀರು ಬರುವುದಿಲ್ಲ.

ನೀರು ಎಲ್ಲಿಂದ ಬರುತ್ತದೆ ಅನ್ನುವುದನ್ನು ಮೊದಲು ನೋಡೋಣ. ಲಾಸ್ ವೇಗಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 100 ಮಿಲಿಮೀಟರ್ ಆಸುಪಾಸು. ನಮ್ಮ ಬೆಂಗಳೂರಿನಲ್ಲಿ ಒಂದು ಒಳ್ಳೆಯ ರಾತ್ರಿ ಸುರಿದರೆ ಅಷ್ಟಾಗುತ್ತದೆ. ಊರಿನ ನೀರಿನಲ್ಲಿ ಸುಮಾರು ಶೇ. 90 ಬರುವುದು ಕೊಲರಾಡೊ ನದಿಯಿಂದ. ಹೂವರ್ ಅಣೆಕಟ್ಟಿನ ಹಿಂದೆ ನಿಂತಿರುವ ಮೀಡ್ ಸರೋವರದಿಂದ ಪಂಪ್ ಮಾಡಿ, ಹೆಚ್ಚುಕಡಿಮೆ ಸಾವಿರ ಅಡಿ ಮೇಲಕ್ಕೆ ಎತ್ತುತ್ತಾರೆ. ಉಳಿದದ್ದು ಅಂತರ್ಜಲ.

ಈ ನದಿಯ ಹಂಚಿಕೆಯ ಕಥೆ ಕಾವೇರಿ ನೋಡಿದ ನಮಗೆ ಬೇಗ ಅರ್ಥವಾಗುತ್ತದೆ. 1922ರಲ್ಲಿ ಏಳು ರಾಜ್ಯಗಳ ನಡುವೆ ಒಪ್ಪಂದವಾಯಿತು. ನದಿಯ ಕೆಳಭಾಗದ ಮೂರು ರಾಜ್ಯಗಳಿಗೆ ಎಷ್ಟೆಷ್ಟು ಅನ್ನುವುದು 1928ರ ಕಾಯ್ದೆಯಲ್ಲಿ ಬಂತು. ಕ್ಯಾಲಿಫೋರ್ನಿಯಾಕ್ಕೆ ವರ್ಷಕ್ಕೆ 44 ಲಕ್ಷ ಎಕರೆ-ಅಡಿ (ಒಂದು ಎಕರೆಯಲ್ಲಿ ಒಂದು ಅಡಿ ಎತ್ತರಕ್ಕೆ ನಿಂತ ನೀರು ಅಂದರೆ ಒಂದು ಎಕರೆ-ಅಡಿ), ಆರಿಜೋನಾಕ್ಕೆ 28 ಲಕ್ಷ, ನೆವಾಡಾಕ್ಕೆ ಬರೀ 3 ಲಕ್ಷ. ಲಾಸ್ ವೇಗಸ್ ಇರುವುದು ನೆವಾಡಾದಲ್ಲಿ. ಆಗ ಅಲ್ಲಿ ಇದ್ದವರು 5 ಸಾವಿರ ಜನ, ಯಾರೂ ಜಾಸ್ತಿ ಕೇಳಲಿಲ್ಲ. ನಮ್ಮ ಲೆಕ್ಕಕ್ಕೆ ತಂದರೆ ಆ 3 ಲಕ್ಷ ಎಕರೆ-ಅಡಿ ಅಂದರೆ ಸುಮಾರು 13 ಟಿಎಂಸಿ. ಕೆಆರ್‌ಎಸ್ ತುಂಬಿದಾಗ ಅದರಲ್ಲಿರುವುದು 49 ಟಿಎಂಸಿ. ಅಂದರೆ ಅದರ ಕಾಲು ಭಾಗದಷ್ಟು ನೀರಿನಲ್ಲಿ ಇವತ್ತು 23 ಲಕ್ಷ ಜನ ಬದುಕಬೇಕು. ಜತೆಗೆ ವರ್ಷಕ್ಕೆ 4 ಕೋಟಿ ಪ್ರವಾಸಿಗರು ಬಂದು ಹೋಗುತ್ತಾರೆ.

ಇನ್ನು ನಿಮ್ಮ ಬಕೆಟ್‌ಗೆ ಬರುತ್ತೇನೆ.

ನಿಮ್ಮ ಸ್ನಾನದ ನೀರು, ಪಾತ್ರೆ ತೊಳೆದ ನೀರು, ಟಾಯ್ಲೆಟ್‌ನ ನೀರು ಎಲ್ಲವೂ ಒಳಚರಂಡಿಯಲ್ಲಿ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಅಲ್ಲಿ ಚೆನ್ನಾಗಿ ಶುದ್ಧ ಮಾಡಿದ ನೀರು ಲಾಸ್ ವೇಗಸ್ ವಾಶ್ ಅನ್ನುವ ಹಳ್ಳಕ್ಕೆ ಇಳಿಯುತ್ತದೆ. ಸುಮಾರು 19 ಕಿಲೋಮೀಟರ್ ಹರಿದು ಮತ್ತೆ ಮೀಡ್ ಸರೋವರ ಸೇರುತ್ತದೆ. ಊರು ಸರೋವರದಿಂದ ತೆಗೆದದ್ದು ಎಷ್ಟು, ವಾಪಸ್ ಬಿಟ್ಟದ್ದು ಎಷ್ಟು ಅಂತ ಅಳೆಯುತ್ತಾರೆ. ವಾಪಸ್ ಬಿಟ್ಟ ಒಂದೊಂದು ಲೀಟರ್‌ಗೂ ಊರಿನ ಖಾತೆಗೆ ಜಮಾ ಸಿಗುತ್ತದೆ, ಅಷ್ಟನ್ನು ಮತ್ತೆ ತೆಗೆಯಬಹುದು. ಆ 13 ಟಿಎಂಸಿ ಮಿತಿ ಇರುವುದು ಈ ಕೂಡಿ-ಕಳೆದ ಲೆಕ್ಕಕ್ಕೆ. ಮನೆಯೊಳಗೆ ಬಳಸಿದ ನೀರಿನಲ್ಲಿ ನೂರಕ್ಕೆ 99 ಭಾಗ ಹೀಗೆ ಮರುಬಳಕೆಯಾಗುತ್ತದೆ.

ನಿಮ್ಮ ಅಕ್ಕಿ ತೊಳೆದ ನೀರನ್ನೇ ತೆಗೆದುಕೊಳ್ಳಿ. ಎರಡು ಲೀಟರ್‌ನಲ್ಲಿ ಅಕ್ಕಿ ತೊಳೆದಿರಿ. ಅದನ್ನು ಸಿಂಕ್‌ಗೆ ಸುರಿದು, ಗಿಡಕ್ಕೆ ನಲ್ಲಿಯಿಂದ ಬೇರೆ ಎರಡು ಲೀಟರ್ ನೀರು ಹಿಡಿದು ಹಾಕಿದಿರಿ ಅಂದುಕೊಳ್ಳಿ. ಸರೋವರದಿಂದ ತೆಗೆದದ್ದು ನಾಲ್ಕು, ವಾಪಸ್ ಹೋದದ್ದು ಎರಡು, ಕಳೆದುಹೋದದ್ದು ಎರಡು. ಅಕ್ಕಿ ನೀರನ್ನೇ ಗಿಡಕ್ಕೆ ಹಾಕಿದರೆ? ತೆಗೆದದ್ದು ಎರಡು, ವಾಪಸ್ ಹೋದದ್ದು ಸೊನ್ನೆ, ಕಳೆದುಹೋದದ್ದು ಅದೇ ಎರಡು. ಲೆಕ್ಕ ಸಮ ಸಮ! ಉಳಿದದ್ದು ಎರಡು ಲೀಟರ್ ನೀರನ್ನು ಮೇಲೆತ್ತುವ, ಮತ್ತೆ ಶುದ್ಧ ಮಾಡುವ ಕರೆಂಟು. ಅದೂ ಸಣ್ಣದಲ್ಲ, ಅದಕ್ಕೇ ಬಿಡಬೇಡಿ ಅಂದೆ. ಬಿಸಿನೀರಿನ ಸ್ನಾನವಾದರೆ ಗ್ಯಾಸೂ ಉಳಿಯುತ್ತದೆ. ಆದರೆ ನದಿಗೆ ಅದರಿಂದ ಲಾಭ ತೀರಾ ಕಡಿಮೆ. ಸ್ನಾನದ ನೀರನ್ನು ಪೈಪ್ ಹಾಕಿ ತೋಟಕ್ಕೆ ತಿರುಗಿಸುವ ಪದ್ಧತಿಯನ್ನು ಬೇರೆ ಒಣ ಊರುಗಳಲ್ಲಿ ಹೊಗಳುತ್ತಾರೆ. ಇಲ್ಲಿ ಮಾತ್ರ, ನೀರು ಸರೋವರಕ್ಕೆ ವಾಪಸ್ ಹೋಗುವ ಜಾಗಗಳಲ್ಲಿ, ಅದಕ್ಕೆ ಅವಕಾಶವೇ ಇಲ್ಲ. ಕಾರಣ ಈ ಲೆಕ್ಕವೇ.

ಆ ವಾಶ್ ಹಳ್ಳವನ್ನು ಸಾಧ್ಯವಾದರೆ ಒಮ್ಮೆ ನೋಡಿ ಬನ್ನಿ. ಊರಿನ ಪೂರ್ವಕ್ಕೆ ಇದೆ, ನಡೆಯಲು ದಾರಿ ಮಾಡಿದ್ದಾರೆ. ಊರು ಬೆಳೆದು ನೀರಿನ ರಭಸ ಹೆಚ್ಚಾದಾಗ ಹಳ್ಳದ ದಂಡೆ ಕೊಚ್ಚಿಹೋಗಿ, ಜೊಂಡು ಬೆಳೆದ ಜೌಗು ಪ್ರದೇಶ ಹತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು. ಆಮೇಲೆ ಉದ್ದಕ್ಕೂ ಇಪ್ಪತ್ತರಷ್ಟು ಅಡ್ಡಗಟ್ಟೆ ಕಟ್ಟಿ ನೀರನ್ನು ನಿಧಾನ ಮಾಡಿದರು. ಈಗ ಜೊಂಡು ಮತ್ತೆ ಬಂದಿದೆ, ಬಾತು, ಬೆಳ್ಳಕ್ಕಿ ಬರುತ್ತವೆ. ಸುತ್ತ ಬೋಳು ಗುಡ್ಡ, ನಡುವೆ ಹರಿಯುವ ನೀರು. ಅದು ಎರಡು ದಿನದ ಹಿಂದೆ ಯಾರದೋ ಮನೆಯ ಸ್ನಾನದ ನೀರಾಗಿತ್ತು ಅಂದರೆ ನಂಬುವುದು ಕಷ್ಟ. ನನಗೆ ಆ ಊರಲ್ಲಿ ತುಂಬಾ ಹಿಡಿಸಿದ ಜಾಗ ಅದು.

ಈಗ ಹುಲ್ಲು. ಯಾಕೆ ಅದರ ಮೇಲೆ ಇಷ್ಟು ಕಣ್ಣು?

ಊರಿನ ನೀರಿನಲ್ಲಿ ಸುಮಾರು ಶೇ. 60 ಮನೆಯ ಹೊರಗೆ ಖರ್ಚಾಗುತ್ತದೆ. ಅದು ವಾಪಸ್ ಬರುವ ಮಾತೇ ಇಲ್ಲ. ಅದರಲ್ಲಿ ದೊಡ್ಡ ಪಾಲು ಹುಲ್ಲಿನದು. ಅಲ್ಲಿ ಒಂದು ಚದರ ಅಡಿ ಹುಲ್ಲು ವರ್ಷಕ್ಕೆ 276 ಲೀಟರ್ ನೀರು ಕುಡಿಯುತ್ತದೆ. ಅದನ್ನು ಮಳೆಯ ಹಾಗೆ ಎತ್ತರದಲ್ಲಿ ಅಳೆದರೆ ಸುಮಾರು 3 ಮೀಟರ್ ಆಗುತ್ತದೆ. ಅಂದರೆ ಮಡಿಕೇರಿಯ ಇಡೀ ವರ್ಷದ ಮಳೆಯ ಹತ್ತಿರ ಹತ್ತಿರ! ನಾಲ್ಕಿಂಚು ಮಳೆಯ ಊರಲ್ಲಿ ಕೊಡಗಿನ ಮಳೆಗಾಲವನ್ನು ಪೈಪ್‌ನಲ್ಲಿ ಸುರಿಸಿದರೆ ಮಾತ್ರ ಆ ಹುಲ್ಲು ಹಸಿರಾಗಿರುತ್ತದೆ. ಅದೇ ಜಾಗದಲ್ಲಿ ಮರುಭೂಮಿಯ ಗಿಡ ನೆಟ್ಟು ಡ್ರಿಪ್ ಹಾಕಿದರೆ 68 ಲೀಟರ್ ಸಾಕು.

ಜುಲೈ ಮಧ್ಯಾಹ್ನ 44 ಡಿಗ್ರಿ ಇರುವಾಗ ಒಂದು ಸ್ಪ್ರಿಂಕ್ಲರ್ ಪಕ್ಕ ನಿಂತು ನೋಡಿದ್ದೇನೆ. ಹನಿಗಳಲ್ಲಿ ಒಂದಷ್ಟು ಮಣ್ಣು ಮುಟ್ಟುವುದೇ ಇಲ್ಲ, ಗಾಳಿಯಲ್ಲೇ ಮಾಯ. ಇನ್ನೊಂದಷ್ಟು ಕಾಲುದಾರಿಯ ಕಾಂಕ್ರೀಟ್ ಮೇಲೆ ಬಿದ್ದು, ನೋಡನೋಡುತ್ತಿದ್ದಂತೆ ಒದ್ದೆ ಕಲೆ ಅಂಚಿನಿಂದ ಕಿರಿದಾಗುತ್ತಾ ಒಣಗಿಹೋಗುತ್ತದೆ. ಮಣ್ಣಿನ ಕೆಳಗೆ ಕಲೀಚಿ ಅನ್ನುವ ಸಿಮೆಂಟಿನಂಥ ಗಟ್ಟಿ ಪದರ ಬಹಳ ಕಡೆ ಇದೆ, ಅದು ನೀರನ್ನು ಬೇಗ ಇಂಗಿಸುವುದಿಲ್ಲ. ಹೆಚ್ಚು ಹೊತ್ತು ಬಿಟ್ಟರೆ ರಸ್ತೆಯಂಚಿಗೆ ಹರಿದು ಹೋಗುತ್ತದೆ. ಹೀಗೆ ರಸ್ತೆಗೆ ನೀರು ಹರಿಸಿದವರಿಗೆ ದಂಡ ಹಾಕಲು ಗಾಡಿಯಲ್ಲಿ ಸುತ್ತುವ ಸಿಬ್ಬಂದಿಯೇ ಇದ್ದಾರೆ.

1999ರಿಂದ ಅಲ್ಲಿನ ನೀರು ಪ್ರಾಧಿಕಾರ ಹುಲ್ಲು ಕಿತ್ತವರಿಗೆ ಚದರ ಅಡಿಗೆ ಇಷ್ಟು ಅಂತ ದುಡ್ಡು ಕೊಡುತ್ತಿದೆ. ಇಲ್ಲಿಯವರೆಗೆ 20 ಕೋಟಿ ಚದರ ಅಡಿಗೂ ಜಾಸ್ತಿ ಹುಲ್ಲು ಹೋಗಿದೆ. 2003ರಿಂದ ಹೊಸ ಮನೆಗಳ ಮುಂದಿನ ಅಂಗಳದಲ್ಲಿ ಹುಲ್ಲು ಹಾಕುವ ಹಾಗಿಲ್ಲ. 2021ರಲ್ಲಿ ನೆವಾಡಾ ಇನ್ನೂ ಮುಂದೆ ಹೋಗಿ ಒಂದು ಕಾನೂನು ಮಾಡಿತು: ರಸ್ತೆ ವಿಭಜಕ, ಅಂಗಡಿ ಮುಂಗಟ್ಟು, ಕಾಲೊನಿಯ ಪ್ರವೇಶದ್ವಾರ ಇಂಥ ಕಡೆ, ಯಾರೂ ಕಾಲಿಡದ ಬರೀ ಚಂದದ ಹುಲ್ಲಿಗೆ, 2026ರ ಕೊನೆಯ ನಂತರ ಕೊಲರಾಡೊ ನೀರು ಹಾಕುವಂತಿಲ್ಲ. ಮಕ್ಕಳು ಆಡುವ ಪಾರ್ಕು, ಶಾಲೆ ಮೈದಾನಕ್ಕೆ ತೊಂದರೆಯಿಲ್ಲ. ಸ್ವಂತ ಮನೆಯ ಹಿತ್ತಲಿನ ಹುಲ್ಲನ್ನೂ ಆ ಕಾನೂನು ಮುಟ್ಟುವುದಿಲ್ಲ. ನಿಮ್ಮ ಮಗನ ಕಾಲೊನಿಯಲ್ಲಿ ಕೀಳುತ್ತಿರುವುದು ಇದೇ ಕಾರಣಕ್ಕಿರಬೇಕು. ಆ ಹುಲ್ಲಿನ ಮೇಲೆ ನಡೆಯುತ್ತಿದ್ದವನು ಅದನ್ನು ಕತ್ತರಿಸುವ ಕೆಲಸಗಾರ ಒಬ್ಬನೇ ಆಗಿದ್ದರೆ, ಅದು ಹೋಗಲಿ ಅನ್ನುವುದು ನನ್ನ ಅಭಿಪ್ರಾಯ.

ಕಾರಂಜಿಯ ವಿಷಯ. ನೀವು ಹೇಳುತ್ತಿರುವುದು ಬೆಲಾಜಿಯೊ ಹೋಟೆಲ್ ಮುಂದಿನದ್ದು ಇರಬೇಕು, ಎಂಟೂವರೆ ಎಕರೆ ಕೊಳ. ಅದಕ್ಕೆ ಕೊಲರಾಡೊ ನೀರು ಬಳಸುವುದಿಲ್ಲ. ಆ ಜಾಗದಲ್ಲಿ ಮೊದಲು ಒಂದು ಗಾಲ್ಫ್ ಮೈದಾನ ಇತ್ತು, ಅದರ ಬಾವಿಯ ನೀರೇ ಈಗ ಕೊಳಕ್ಕೆ. ಮೀಡ್ ಸರೋವರದ ಮೇಲಿಂದ ವರ್ಷಕ್ಕೆ ಸುಮಾರು ಎರಡು ಮೀಟರ್ ನೀರು ಆವಿಯಾಗುತ್ತದೆ. ಹುಲ್ಲಿಗೆ ಹಾಕುವುದು ಮೂರು ಮೀಟರ್ ಅಂತ ಆಗಲೇ ನೋಡಿದೆವು. ಅಂದರೆ ಸುಮ್ನೆ ನಿಂತ ತೆರೆದ ಕೊಳಕ್ಕಿಂತ ಅಷ್ಟೇ ಅಗಲದ ಹುಲ್ಲು ಜಾಸ್ತಿ ನೀರು ಕೇಳುತ್ತದೆ! ಕಾರಂಜಿ ಚಿಮ್ಮಿದಾಗ ಆವಿ ಇನ್ನಷ್ಟು ಹೆಚ್ಚುತ್ತದೆ, ನಿಜ. ಆದರೂ ಊರಿನ ಒಟ್ಟು ಲೆಕ್ಕದಲ್ಲಿ ಅದು ಚಿಕ್ಕದು. ಹೋಟೆಲ್ ಕೋಣೆಗಳ ಲಕ್ಷಾಂತರ ಸ್ನಾನದ ನೀರೂ ವಾಪಸ್ ಸರೋವರಕ್ಕೇ ಹೋಗುತ್ತದೆ. ಜನರಿಗೆ ಉಳಿಸಿ ಅಂತ ಹೇಳಿ ಎದುರಿಗೇ ನೀರು ಕುಣಿಸುವುದು ಕಣ್ಣಿಗೆ ಸರಿ ಕಾಣಲ್ಲ ಅನ್ನುವ ನಿಮ್ಮ ಸಂಕಟ ನನಗೆ ಪೂರ್ತಿ ಅರ್ಥವಾಗುತ್ತದೆ. ಆದರೆ ನೀರು ಸೋರುತ್ತಿರುವ ದೊಡ್ಡ ತೂತು ಅದಲ್ಲ.

ಹುಲ್ಲಿನ ನಂತರದ ದೊಡ್ಡ ತೂತು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ದೊಡ್ಡ ಕಟ್ಟಡಗಳ ಚಾವಣಿ ಮೇಲೆ ನೀರನ್ನು ಆವಿ ಮಾಡಿ ತಂಪು ಮಾಡುವ ಯಂತ್ರಗಳು. ನಮ್ಮ ಉತ್ತರ ಕರ್ನಾಟಕದ ಮನೆಗಳ ಕೂಲರ್ ಇದೆಯಲ್ಲ, ಅದೇ ತತ್ವ. ಕರೆಂಟು ಕಡಿಮೆ ಸಾಕು, ಆದರೆ ನೀರು ಗಾಳಿಗೆ. 2023ರಿಂದ ವೇಗಸ್ ಕಣಿವೆಯ ಹೊಸ ವಾಣಿಜ್ಯ ಕಟ್ಟಡಗಳಿಗೆ ಅಂಥ ಯಂತ್ರ ಹಾಕುವಂತಿಲ್ಲ. ಮನೆಗಳ ಹೊಸ ಈಜುಕೊಳಗಳ ಗಾತ್ರಕ್ಕೂ 2022ರಲ್ಲಿ 600 ಚದರ ಅಡಿ ಮಿತಿ ಬಂತು.

ಇಷ್ಟೆಲ್ಲ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ, ಪೆಟ್ಟು ತಿಂದ ಮೇಲೆ ಬಂದದ್ದು. ಲಾಸ್ ವೇಗಸ್ ಅಂದರೆ ಸ್ಪ್ಯಾನಿಷ್‌ನಲ್ಲಿ ಹುಲ್ಲುಗಾವಲುಗಳು. ನೆಲದಿಂದ ತಾನಾಗಿ ಉಕ್ಕುವ ಬುಗ್ಗೆಗಳಿದ್ದವು, ಅದಕ್ಕೇ ಆ ಹೆಸರು. 1905ರಲ್ಲಿ ರೈಲಿನವರು ಸೈಟು ಹರಾಜು ಹಾಕಿ ಊರು ಕಟ್ಟಿದರು, ಸಿಕ್ಕಸಿಕ್ಕಲ್ಲಿ ಬಾವಿ ಕೊರೆದರು. 1962ರ ಹೊತ್ತಿಗೆ ಬುಗ್ಗೆಗಳು ಪೂರ್ತಿ ಬತ್ತಿದವು. ನೀರು ಎಳೆದೂ ಎಳೆದೂ ಕೆಲವು ಕಡೆ ನೆಲವೇ ಐದು ಅಡಿಗೂ ಹೆಚ್ಚು ಕುಸಿದಿದೆ. ಸಾವಿರ ಅಡಿ ಬೋರ್‌ವೆಲ್ ಕಂಡಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಇನ್ನೊಂದು ಪೆಟ್ಟು 2000ದ ನಂತರದ ಬರ. ಮೀಡ್ ಸರೋವರದಲ್ಲಿ 1,100 ಟಿಎಂಸಿಗೂ ಜಾಸ್ತಿ ನೀರು ಹಿಡಿಯುತ್ತದೆ. ಅದರ ಮಟ್ಟವನ್ನು ಸಮುದ್ರಮಟ್ಟದಿಂದ ಅಳೆಯುತ್ತಾರೆ. 2000ದ ಆರಂಭದಲ್ಲಿ 1,214 ಅಡಿ ಆಸುಪಾಸು ಇತ್ತು. 2022ರ ಜುಲೈಯಲ್ಲಿ 1,040ಕ್ಕೆ ಬಂತು. ಸುಮಾರು 170 ಅಡಿ ಇಳಿತ! ಬಂಡೆಗಳ ಮೇಲೆ ಹಳೇ ಬಕೆಟ್ ಒಳಗಿನ ಉಪ್ಪಿನ ಗೆರೆಯಂತೆ ಬಿಳೀ ಪಟ್ಟೆ ಎದ್ದು ಕಾಣುತ್ತದೆ. 2022ರ ಏಪ್ರಿಲ್‌ನಲ್ಲಿ ಊರಿಗೆ ನೀರು ಎಳೆಯುತ್ತಿದ್ದ ಮೊದಲನೇ ಕೊಳವೆಯ ಬಾಯಿಯೇ ನೀರಿನಿಂದ ಮೇಲೆ ಬಂತು. ಆದರೆ ಯಾರ ಮನೆಯ ನಲ್ಲಿಯೂ ನಿಲ್ಲಲಿಲ್ಲ. ಯಾಕೆಂದರೆ ಸರೋವರದ ತಳದ ಹತ್ತಿರದಿಂದ ನೀರು ತೆಗೆಯುವ ಸುರಂಗವನ್ನು 2015ರಲ್ಲೇ ಮುಗಿಸಿದ್ದರು, ಅದಕ್ಕೆ ಬೇಕಾದ ಪಂಪ್‌ಹೌಸನ್ನು 2020ರಲ್ಲಿ. ಎರಡೂ ಸೇರಿ ಖರ್ಚು 130 ಕೋಟಿ ಡಾಲರ್ ದಾಟಿತು. ಮಟ್ಟ 895 ಅಡಿಗಿಂತ ಇಳಿದರೆ ಹೂವರ್ ಅಣೆಕಟ್ಟಿನಿಂದ ಕೆಳಗೆ ಒಂದು ಹನಿಯೂ ಹೋಗುವುದಿಲ್ಲ. ಆಗಲೂ ವೇಗಸ್‌ಗೆ ನೀರು ಎತ್ತಬಹುದು. ಕಷ್ಟ ಬರುವ ಮುಂಚೆಯೇ ಇಷ್ಟು ದುಡ್ಡು ಸುರಿಯಲು ಜನರನ್ನು ಒಪ್ಪಿಸಿದ್ದು ದೊಡ್ಡ ಕೆಲಸ ಅಂತ ನಾನು ಮನಸಾರೆ ಹೇಳುತ್ತೇನೆ.

ಫಲ ಏನು? 2002ರಿಂದ 2023ರ ನಡುವೆ ಅಲ್ಲಿ ಜನ ಸುಮಾರು 8 ಲಕ್ಷ ಹೆಚ್ಚಾದರು. ತಲಾ ಬಳಕೆ ಅರ್ಧಕ್ಕಿಂತ ಕೆಳಗಿಳಿಯಿತು. 2023ರಲ್ಲಿ ವಾಪಸ್ ಬಿಟ್ಟದ್ದನ್ನು ಕಳೆದು ಊರು ಖರ್ಚು ಮಾಡಿದ್ದು 8 ಟಿಎಂಸಿ ಚಿಲ್ಲರೆ. ನದಿಯಲ್ಲಿ ನೀರಿಲ್ಲ ಅಂತ 2022ರಿಂದ ನೆವಾಡಾದ ಪಾಲಿಗೆ ಕತ್ತರಿ ಬಿದ್ದಾಗ ಜನರಿಗೆ ಗೊತ್ತೇ ಆಗಲಿಲ್ಲ.

ಆದರೆ ಇದನ್ನು ಕೇಳಿ ವೇಗಸ್ ಒಂದೇ ಕೊಲರಾಡೊವನ್ನು ಉಳಿಸಿಬಿಡುತ್ತದೆ ಅಂದುಕೊಳ್ಳಬಾರದು. ನದಿಯ ನೀರಿನಲ್ಲಿ ದೊಡ್ಡ ಪಾಲು ಹೊಲಗಳಿಗೆ ಹೋಗುತ್ತದೆ, ಅದರಲ್ಲೂ ದನಕರುಗಳ ಮೇವಿಗೆ. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯ ನೀರಾವರಿ ಜಿಲ್ಲೆ ಒಂದಕ್ಕೇ 31 ಲಕ್ಷ ಎಕರೆ-ಅಡಿ ಹಕ್ಕಿದೆ. ಅದು ಇಡೀ ನೆವಾಡಾದ ಹತ್ತು ಪಟ್ಟು. ಚಳಿಗಾಲದಲ್ಲಿ ಅಮೆರಿಕದವರು ತಿನ್ನುವ ಸೊಪ್ಪು ತರಕಾರಿ ಬೆಳೆಯುವುದೂ ಅಲ್ಲೇ, ಅವರನ್ನು ಬೈದು ಪ್ರಯೋಜನವಿಲ್ಲ.

ಬೆಂಗಳೂರಿನಲ್ಲೂ ಹೀಗೆ ಮಾಡಬಾರದೇ ಅಂತ ನೀವು ಮುಂದಿನ ಪ್ರಶ್ನೆ ಕೇಳುತ್ತೀರಿ ಅಂತ ಗೊತ್ತು. ಹಾಗೇ ನಕಲು ಮಾಡಲಾಗದು. ವೇಗಸ್‌ನಲ್ಲಿ ಕೊಳಚೆ ಇಳಿದು ಹೋಗುವ ಕಡೆಯೇ ಕುಡಿಯುವ ನೀರಿನ ಸರೋವರ ಇದೆ. ನಮ್ಮದು ದಿಣ್ಣೆ ಮೇಲಿನ ಊರು. ಕಾವೇರಿಯನ್ನು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಎತ್ತಿ ತರುತ್ತೇವೆ. ಬಳಸಿದ್ದು ವೃಷಭಾವತಿ ಒಂದು ಕಡೆ, ದಕ್ಷಿಣ ಪಿನಾಕಿನಿ ಇನ್ನೊಂದು ಕಡೆ ಹರಿದುಹೋಗುತ್ತದೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿರುವುದು ನಿಜ, ಅದು ಒಳ್ಳೆಯ ದಿಕ್ಕು. ಇನ್ನೂ ಒಂದು ಹಂತ ಹೆಚ್ಚಿಗೆ ಶುದ್ಧ ಮಾಡಬೇಕು ಅಂತ ಅಲ್ಲಿನ ರೈತರು ಕೇಳುತ್ತಿರುವುದೂ ನ್ಯಾಯವೇ. ಆದರೆ ಆ ನೀರು ನಿಮ್ಮ ನಲ್ಲಿಗೆ ವಾಪಸ್ ಬರುವುದಿಲ್ಲ. ಹಾಗಾಗಿ ಬೆಂಗಳೂರಿನ ಮನೆಯಲ್ಲಿ ನೀವು ಉಳಿಸಿದ ಬಕೆಟ್ ನಿಜಕ್ಕೂ ಉಳಿದ ಬಕೆಟ್. ಬೆಂಗಳೂರಿನಲ್ಲಿ ಅದರ ಬೆಲೆ ಬೇರೆ, ವೇಗಸ್‌ನಲ್ಲಿ ಬೇರೆ.

ನೀವು ವೇಗಸ್‌ನಲ್ಲಿರುವ ಆರು ತಿಂಗಳಲ್ಲಿ ಕೈಯಾರೆ ಏನಾದರೂ ಮಾಡಬೇಕೆಂದರೆ ಹಿತ್ತಲಿಗೆ ಬನ್ನಿ. ಬೆಳಿಗ್ಗೆ ಎಲ್ಲ ನಲ್ಲಿ ನಿಲ್ಲಿಸಿ ಮೀಟರ್ ನೋಡಿ. ಬಹಳ ಮೀಟರ್‌ಗಳಲ್ಲಿ ಒಂದು ಪುಟ್ಟ ತ್ರಿಕೋನ ಇರುತ್ತದೆ, ಅದು ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಟಾಯ್ಲೆಟ್ ಸೋರಿದರೆ ಬಿಲ್ಲು ಮಾತ್ರ ನಿಮ್ಮದು, ನೀರು ಸರೋವರಕ್ಕೆ ಹೋಗುತ್ತದೆ. ಹೊರಗಿನ ಡ್ರಿಪ್ ಪೈಪು ಒಡೆದಿದ್ದರೆ ಅದು ಪೂರ್ತಿ ನಷ್ಟ. ಅದನ್ನು ಮೊದಲು ಹುಡುಕಿ. ಜಲ್ಲಿ ಕೆಳಗೆ ಹೂತಿರುವ ಪೈಪು ಒಡೆದರೆ ಮೇಲೆ ಏನೂ ಕಾಣುವುದಿಲ್ಲ, ಒಂದು ಕಡೆ ಮಾತ್ರ ಕಳೆ ಹಸಿರಾಗಿ ಬೆಳೆದಿರುತ್ತದೆ. ಹಿತ್ತಲಲ್ಲಿ ಹುಲ್ಲಿದ್ದರೆ ಒಂದೇ ಸಲ ಹನ್ನೆರಡು ನಿಮಿಷ ನೀರು ಬಿಡಬೇಡಿ. ನಾಲ್ಕು ನಿಮಿಷದಂತೆ ಮೂರು ಸಲ ಬಿಡಿ, ನಡುವೆ ಒಂದೊಂದು ಗಂಟೆ ಇರಲಿ, ಇಂಗುತ್ತದೆ. ಬೇಸಿಗೆಯಲ್ಲಿ ಬೆಳಗಿನ ಜಾವವೇ ಒಳ್ಳೆಯದು. ಮೇಯಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 7ರವರೆಗೆ ಸ್ಪ್ರಿಂಕ್ಲರ್ ಬಿಡುವುದು ಅಲ್ಲಿ ನಿಷಿದ್ಧ. ಭಾನುವಾರ ವರ್ಷವಿಡೀ ಇಲ್ಲ. ಚಳಿಗಾಲದಲ್ಲಿ ವಾರಕ್ಕೆ ಒಂದೇ ದಿನ. ಟೈಮರ್‌ನಲ್ಲಿ ಬೇಸಿಗೆಯ ವೇಳೆಯೇ ಡಿಸೆಂಬರ್‌ನಲ್ಲೂ ಓಡುತ್ತಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಮಗನ ಟೈಮರ್ ಒಮ್ಮೆ ತೆಗೆಸಿ ನೋಡಿ.

ಇನ್ನೊಂದು ವಿಷಯ, ಇದು ನನಗೆ ನಿಜಕ್ಕೂ ಚಿಂತೆಯಿರುವ ವಿಷಯ. ಕಾಲೊನಿಯಲ್ಲಿ ಹುಲ್ಲಿನ ನಡುವೆ ದೊಡ್ಡ ಮರಗಳಿವೆಯಾ? ಅವು ಇಷ್ಟು ವರ್ಷ ಹುಲ್ಲಿಗೆ ಬಿಟ್ಟ ನೀರನ್ನೇ ಕುಡಿದು ಬೆಳೆದಿರುತ್ತವೆ. ಹುಲ್ಲು ಕಿತ್ತು ಸ್ಪ್ರಿಂಕ್ಲರ್ ಮುಚ್ಚಿದರೆ ಎರಡು ಬೇಸಿಗೆಯಲ್ಲಿ ಒಣಗಿ ನಿಲ್ಲುತ್ತವೆ. ಹೀಗೆ ಸತ್ತ ಮರಗಳು ಆ ಊರಿನ ದೊಡ್ಡ ದೂರು. ನೆರಳು ಹೋದರೆ ಜಲ್ಲಿ ಕಾದ ಹೆಂಚಾಗುತ್ತದೆ, ಸುತ್ತಲಿನ ಮನೆಗಳ ಏಸಿ ಇನ್ನಷ್ಟು ಓಡಬೇಕಾಗುತ್ತದೆ. ಮರಕ್ಕೆ ನೀರು ಹಾಕುವುದನ್ನು ಆ ಕಾನೂನು ತಡೆಯುವುದಿಲ್ಲ. ಕಾಂಡದ ಬುಡಕ್ಕೆ ಒಂದು ಡ್ರಿಪ್ ಸಿಕ್ಕಿಸಿದರೆ ಸಾಲದು, ಬೇರು ಹೊರಗೆ ಹರಡಿರುತ್ತದೆ. ಕೊಂಬೆಗಳ ನೆರಳಿನ ಅಂಚಿನವರೆಗೆ ಸುತ್ತಲೂ ಡ್ರಿಪ್ ಬೇಕು. ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಮರದ ಸುತ್ತ ಅಲ್ಲಲ್ಲಿ ಚುಚ್ಚಿ ನೋಡಿ. ಆರು ಇಂಚು ಸಲೀಸಾಗಿ ಇಳಿದರೆ ಕೆಳಗೆ ತೇವ ಇದೆ, ಮೇಲೇ ತಡೆದರೆ ಇಲ್ಲ. ಹುಲ್ಲು ಕೀಳುವ ಮೊದಲೇ ಮರಗಳಿಗೆ ಬೇರೆ ಪೈಪು ಎಳೆದಿದ್ದೀರಾ ಅಂತ ಕಾಲೊನಿಯ ಕಮಿಟಿಯವರನ್ನು ಮಗನ ಕೈಲಿ ಕೇಳಿಸಿ. ಕೆಲಸ ಇನ್ನೂ ಶುರುವಾಗಿಲ್ಲ ಅಂದರೆ ಇವತ್ತೇ ಕೇಳಿಸಿ.